ಪಿಗ್ಮಿ, ಸೌರದೀಪ ಮತ್ತು ಬ್ಯಾಂಕಿನ ಶಾಖೆ: ಸಾಮಾಜಿಕ ಉದ್ಯಮದ ಮುಖ್ಯವಾಹಿನಿ ಯಾವುದು?

ಲಾಭದ ಲೆಕ್ಕವನ್ನೂ ಜನರ ಹಿತವನ್ನೂ ಒಟ್ಟಿಗೆ ನೋಡಿಕೊಳ್ಳುವ ಸಂಸ್ಥೆಗಳಿಗೆ ಸಾಮಾಜಿಕ ಉದ್ಯಮ ಎಂಬ ಹೆಸರು ನಿಂತು ಎರಡು ದಶಕಗಳ ಮೇಲಾಯಿತು. ಅವು ಮುಖ್ಯವಾಹಿನಿಗೆ ಬರಬೇಕೆಂಬುದರಲ್ಲಿ ವಿದ್ವಾಂಸರ ನಡುವೆ ತಕರಾರಿಲ್ಲ. ಎಲ್ಲಿಗೆ ತಲುಪಿದರೆ ಬಂದಂತಾಯಿತು ಎಂಬುದರಲ್ಲಿ ಮಾತ್ರ ಒಮ್ಮತವಿಲ್ಲ. ದೊಡ್ಡ ಕಂಪನಿಗಳು ಆ ಕೆಲಸಕ್ಕೆ ಕೈಹಾಕಿದರೆ ಬಂದಂತೆ ಎಂದು ಒಂದು ಪಕ್ಷ; ಷೇರು ಪೇಟೆಯ ಬಂಡವಾಳ ಹರಿದರೆ ಬಂದಂತೆ ಎಂದು ಇನ್ನೊಂದು. ಈ ಎರಡೂ ಕಡೆ ಹೆಚ್ಚು ಗಮನ ಸಿಗದ ಮೂರನೆಯ ಜಾಗವೊಂದಿದೆ: ಹೋಬಳಿ ಮಟ್ಟದ ಬ್ಯಾಂಕ್ ಶಾಖೆ. ಕರ್ನಾಟಕದಲ್ಲಿ ಮನೆಬಳಕೆಯ ಸೌರದೀಪಕ್ಕೆ ಬ್ಯಾಂಕ್ ಸಾಲ ಸಿಗತೊಡಗಿದ ಪ್ರಕರಣವನ್ನು ಹಿಡಿದು ಅದರ ಪಾತ್ರವನ್ನು ಇಲ್ಲಿ ಪರಿಶೀಲಿಸಿದ್ದೇನೆ.

ಹಿಂದಿನ ಚರ್ಚೆಯನ್ನು ಚುಟುಕಾಗಿ ಹೇಳಿ ಮುಗಿಸಬಹುದು. ಗ್ರೆಗರಿ ಡೀಸ್ 1998ರಲ್ಲಿ ಸಾಮಾಜಿಕ ಉದ್ಯಮಶೀಲತೆಗೆ ಕೊಟ್ಟ ವ್ಯಾಖ್ಯೆಯನ್ನು ಇಂದಿಗೂ ಬಹುಮಂದಿ ಒಪ್ಪಿಕೊಂಡೇ ಮುಂದುವರಿಯುತ್ತಾರೆ. ಸಿ.ಕೆ. ಪ್ರಹ್ಲಾದ್ 2004ರ ತಮ್ಮ ಪುಸ್ತಕದಲ್ಲಿ ಪಿರಮಿಡ್ಡಿನ ತಳದಲ್ಲಿರುವ ಬಡವರನ್ನು ಗ್ರಾಹಕರೆಂದು ಕಂಡರೆ ಕಂಪನಿಗಳಿಗೆ ಲಾಭ, ಬಡವರಿಗೂ ಲಾಭ ಎಂದು ವಾದಿಸಿದರು. 2006ರಲ್ಲಿ ಮುಹಮ್ಮದ್ ಯೂನಸ್ ಮತ್ತು ಬಾಂಗ್ಲಾದೇಶದ ಗ್ರಾಮೀಣ ಬ್ಯಾಂಕಿಗೆ ಶಾಂತಿ ನೊಬೆಲ್ ಬಂತು. ಮಾರನೆಯ ವರ್ಷವೇ ಅನೀಲ್ ಕರ್ನಾನಿ, ಬಡವರ ಕೈಯಲ್ಲಿ ಕೊಳ್ಳುವ ಶಕ್ತಿ ಅಷ್ಟಿಲ್ಲ, ಅವರನ್ನು ಉತ್ಪಾದಕರೆಂದು ನೋಡಿ ಆದಾಯ ಹೆಚ್ಚಿಸುವುದೇ ದಾರಿ ಎಂದು ಪ್ರಹ್ಲಾದರನ್ನು ನೇರವಾಗಿ ಖಂಡಿಸಿದರು. ಇಬ್ಬರೂ ಮಿಷಿಗನ್ ವಿಶ್ವವಿದ್ಯಾಲಯದ ಒಂದೇ ವಾಣಿಜ್ಯ ಶಾಲೆಯ ಅಧ್ಯಾಪಕರಾಗಿದ್ದರು ಎಂಬುದು ಈ ಜಗಳದ ಸ್ವಾರಸ್ಯ.

ಷೇರು ಪೇಟೆಯ ದಾರಿಯ ಅನುಭವ ನಮ್ಮಲ್ಲೇ ಇದೆ. ಆಂಧ್ರದಲ್ಲಿ ಸ್ವಯಂಸೇವಾ ಸಂಸ್ಥೆಯಾಗಿ ಶುರುವಾಗಿದ್ದ ಎಸ್‌ಕೆಎಸ್ ಮೈಕ್ರೋಫೈನಾನ್ಸ್ 2010ರ ಆಗಸ್ಟಿನಲ್ಲಿ 985 ರೂಪಾಯಿಗೆ ಒಂದರಂತೆ ಷೇರು ಮಾರಿ ಪೇಟೆಗೆ ಬಂತು; ಬೇಡಿಕೆ ಹಲವು ಪಟ್ಟು ಹೆಚ್ಚಿತ್ತು. ಅದೇ ವರ್ಷದ ಅಕ್ಟೋಬರಿನಲ್ಲಿ, ಸಾಲ ವಸೂಲಿಯ ಕಿರುಕುಳ ಮತ್ತು ಆತ್ಮಹತ್ಯೆಗಳ ಆರೋಪದ ನಡುವೆ, ಆಂಧ್ರ ಸರ್ಕಾರ ಸುಗ್ರೀವಾಜ್ಞೆ ಹೊರಡಿಸಿತು. ಮರುಪಾವತಿ ಕುಸಿಯಿತು. ರಿಸರ್ವ್ ಬ್ಯಾಂಕಿನ ಮಾಲೆಗಾಂ ಸಮಿತಿ ಬಂತು, ಬಡ್ಡಿಗೆ ಮಿತಿ ಬಂತು. ಕೊನೆಗೆ, ಹೆಸರು ಬದಲಿಸಿಕೊಂಡಿದ್ದ ಆ ಸಂಸ್ಥೆ 2019ರಲ್ಲಿ ಇಂಡಸ್‌ಇಂಡ್ ಬ್ಯಾಂಕಿನೊಳಗೆ ವಿಲೀನವಾಯಿತು. ಮುಖ್ಯವಾಹಿನಿಗೆ ಸೇರಿದ್ದೇನೋ ನಿಜ; ಸಾಮಾಜಿಕ ಎಂಬ ವಿಶೇಷಣ ಆ ಹೊತ್ತಿಗೆ ಎಷ್ಟು ಉಳಿದಿತ್ತು ಎಂಬುದು ಬೇರೆ ಮಾತು.

ಈ ಮೂವರ ವಾದಗಳಿಗೂ ಒಂದು ಸಾಮಾನ್ಯ ಊಹೆಯಿದೆ. ಪ್ರಹ್ಲಾದ್ ಕಂಪನಿಯನ್ನು ನೋಡುತ್ತಾರೆ, ಕರ್ನಾನಿ ಬಡವನ ಆದಾಯವನ್ನು ನೋಡುತ್ತಾರೆ, ಷೇರು ಪೇಟೆಯ ಪರ ಇರುವವರು ಹೂಡಿಕೆದಾರನನ್ನು ನೋಡುತ್ತಾರೆ. ಇವರ ನಡುವೆ ಸಾಲದ ಅರ್ಜಿಗೆ ಸಹಿ ಹಾಕುವ ಅಧಿಕಾರಿಯೊಬ್ಬ ಇದ್ದಾನೆ, ಅವನಿಗೂ ಅಭ್ಯಾಸ ಮತ್ತು ಸಂಕೋಚಗಳಿವೆ ಎಂಬುದು ಲೆಕ್ಕಕ್ಕೆ ಬರುವುದಿಲ್ಲ.

ಈಗ ಪ್ರಕರಣಕ್ಕೆ ಬರೋಣ. ಹರೀಶ್ ಹಂದೆ ಮತ್ತು ನೆವಿಲ್ ವಿಲಿಯಮ್ಸ್ 1995ರಲ್ಲಿ ಬೆಂಗಳೂರಿನಲ್ಲಿ ಸೌರದೀಪ ಮಾರುವ ಸೆಲ್ಕೋ ಕಂಪನಿಯನ್ನು ಕಟ್ಟಿದರು. ಹಂದೆಯವರಿಗೆ 2011ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂದಾಗ ಪತ್ರಿಕೆಗಳು ಬರೆದದ್ದು ಹೆಚ್ಚಾಗಿ ಫಲಕ, ಬ್ಯಾಟರಿ, ದೀಪಗಳ ಕಥೆ. ಆ ಕಥೆಯ ಒಂದು ಪ್ರಸಂಗ ಎಲ್ಲೆಡೆ ಉಲ್ಲೇಖವಾಗುತ್ತದೆ. ಸೌರದೀಪಕ್ಕೆ ತಿಂಗಳಿಗೆ 300 ರೂಪಾಯಿ ಎಂದರೆ ಬೀದಿ ವ್ಯಾಪಾರಿಗೆ ಭಾರ. ದಿನಕ್ಕೆ 10 ರೂಪಾಯಿ ಎಂದರೆ ಅವಳು ಒಪ್ಪುತ್ತಾಳೆ. ಮೊತ್ತ ಎರಡೂ ಒಂದೇ. ಆದರೆ ಸಂಜೆ ತರಕಾರಿ ಮಾರಿ, ಬೆಳಗಿನ ಮಂಡಿಯ ಸಾಲ ತೀರಿಸಿ, ಅಕ್ಕಿ ಕೊಂಡು ಮನೆಗೆ ಹೋಗುವವಳ ಸೆರಗಿನ ಗಂಟಿನಲ್ಲಿ ತಿಂಗಳ ಕೊನೆಗೆ 300 ಒಟ್ಟಾಗಿ ಉಳಿದಿರುವುದಿಲ್ಲ. ಇದನ್ನು ಸಾಮಾಜಿಕ ಉದ್ಯಮಿಯ ಒಳನೋಟ ಎಂದು ಎಲ್ಲರೂ ಕೊಂಡಾಡುತ್ತಾರೆ. ನನ್ನ ತಕರಾರು ಇಲ್ಲಿಂದಲೇ ಶುರು.

ದಿನಗೂಲಿಯ ಬದುಕಿಗೆ ಹೊಂದುವಂತೆ ಹಣ ಒಟ್ಟುಮಾಡುವ ವಿದ್ಯೆ 1995ರಲ್ಲಿ ಕರ್ನಾಟಕಕ್ಕೆ ಹೊಸದಾಗಿರಲಿಲ್ಲ. ಡಾ. ಟಿ.ಎಂ.ಎ. ಪೈ, ಉಪೇಂದ್ರ ಅನಂತ ಪೈ, ವಾಮನ ಕುಡ್ವ ಸೇರಿ 1925ರಲ್ಲಿ ಉಡುಪಿಯಲ್ಲಿ 8,000 ರೂಪಾಯಿ ಬಂಡವಾಳದಿಂದ ಕೆನರಾ ಇಂಡಸ್ಟ್ರಿಯಲ್ ಆಂಡ್ ಬ್ಯಾಂಕಿಂಗ್ ಸಿಂಡಿಕೇಟ್ ಎಂಬ ಸಂಸ್ಥೆ ತೆರೆದರು. ಕೈಮಗ್ಗದ ಬಿಕ್ಕಟ್ಟಿನಲ್ಲಿ ಸಿಲುಕಿದ್ದ ನೇಕಾರರಿಗೆ ನೆರವಾಗುವುದು ಅದರ ಘೋಷಿತ ಉದ್ದೇಶ. 1928ರಲ್ಲಿ ಅದು ಪಿಗ್ಮಿ ಠೇವಣಿ ಆರಂಭಿಸಿತು: ಏಜೆಂಟ್ ದಿನವೂ ಅಂಗಡಿಗೆ, ಮನೆಬಾಗಿಲಿಗೆ ಬಂದು ಎರಡಾಣೆಯಷ್ಟು ಸಣ್ಣ ಮೊತ್ತವನ್ನೂ ಪಡೆದು ಪುಸ್ತಕದಲ್ಲಿ ಬರೆದುಕೊಡುತ್ತಿದ್ದ. ಈ ಸಂಸ್ಥೆಯೇ ಮುಂದೆ ಸಿಂಡಿಕೇಟ್ ಬ್ಯಾಂಕ್ ಆಯಿತು, 1969ರಲ್ಲಿ ರಾಷ್ಟ್ರೀಕರಣಗೊಂಡಿತು, 2020ರಲ್ಲಿ ಕೆನರಾ ಬ್ಯಾಂಕಿನೊಂದಿಗೆ ವಿಲೀನವಾಯಿತು. ಇಂದಿನ ಪರಿಭಾಷೆಯಲ್ಲಿ ಹೇಳುವುದಾದರೆ 1925ರ ಆ ಸಂಸ್ಥೆ ಅಪ್ಪಟ ಸಾಮಾಜಿಕ ಉದ್ಯಮ. ಸಾಮಾಜಿಕ ಉದ್ಯಮದ ಇತಿಹಾಸ ಬರೆಯುವವರು ಸಾಮಾಜಿಕ ಉದ್ಯಮಿಗಳನ್ನು ಬೆಂಬಲಿಸುವ ಅಶೋಕ ಪ್ರತಿಷ್ಠಾನ ಹುಟ್ಟಿದ 1980ರಿಂದ ಶುರುಮಾಡಿ ಇದನ್ನು ಬಿಟ್ಟುಬಿಡುವುದು ಏಕೆಂದರೆ, ಗೆದ್ದ ಮೇಲೆ ಅದಕ್ಕೆ ಬ್ಯಾಂಕ್ ಎಂಬ ಹೆಸರು ಅಂಟಿಕೊಂಡಿತು.

ಹೊಸ ಕಡತವೇನೂ ನನ್ನ ಬಳಿ ಇಲ್ಲ. ತಿಳಿದ ಸಂಗತಿಗಳನ್ನೇ ಪಕ್ಕಪಕ್ಕ ಇಟ್ಟಾಗ ಕಾಣುವ ಒಂದು ಕೊಂಡಿಯತ್ತ ಗಮನ ಸೆಳೆಯುವುದಷ್ಟೇ ಉದ್ದೇಶ. ಸೆಲ್ಕೋ ದೀಪಗಳಿಗೆ ಮೊದಮೊದಲು ಸಾಲ ಕೊಟ್ಟವುಗಳಲ್ಲಿ ಧಾರವಾಡದ ಮಲಪ್ರಭಾ ಗ್ರಾಮೀಣ ಬ್ಯಾಂಕ್ ಒಂದು. ಅದರ ಪ್ರಾಯೋಜಕ ಬ್ಯಾಂಕ್ ಸಿಂಡಿಕೇಟ್ ಆಗಿತ್ತು. ಗ್ರಾಮೀಣ ಬ್ಯಾಂಕಿನ ಬಂಡವಾಳದಲ್ಲಿ ಕೇಂದ್ರಕ್ಕೆ ಶೇ. 50, ರಾಜ್ಯಕ್ಕೆ ಶೇ. 15, ಪ್ರಾಯೋಜಕರಿಗೆ ಶೇ. 35 ಪಾಲು, ಅಧ್ಯಕ್ಷರು ಬರುವುದು ಪ್ರಾಯೋಜಕ ಬ್ಯಾಂಕಿನಿಂದಲೇ. ಮುಂದೆ 2003ರಲ್ಲಿ ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮ ಕರ್ನಾಟಕದಲ್ಲಿ ಸೌರಸಾಲ ಯೋಜನೆ ಹಮ್ಮಿಕೊಂಡಾಗ ಅದಕ್ಕೆ ಜೊತೆಯಾದ ಎರಡು ಬ್ಯಾಂಕುಗಳು ಕೆನರಾ ಮತ್ತು ಸಿಂಡಿಕೇಟ್, ಜೊತೆಗೆ ಅವುಗಳ ಗ್ರಾಮೀಣ ಬ್ಯಾಂಕುಗಳು. ಎರಡೂ ಕರಾವಳಿಯಲ್ಲಿ ಹುಟ್ಟಿದವು. ಕೆನರಾ ಬ್ಯಾಂಕಿನ ಮೂಲ 1906ರ ಮಂಗಳೂರು.

ಇದರಿಂದ ನಾನು ಮಂಡಿಸುವ ಪ್ರಮೇಯ ಹೀಗಿದೆ: ಸೌರದೀಪ ಕರ್ನಾಟಕದ ಹಳ್ಳಿಮನೆಗಳ ಮುಖ್ಯವಾಹಿನಿಗೆ ಬಂದದ್ದು ಒಂದು ಕಂಪನಿ ಬೆಳೆದದ್ದರಿಂದ ಮಾತ್ರವಲ್ಲ, ಸಣ್ಣ ಹಣವನ್ನು ಸಣ್ಣ ಹಣವಾಗಿಯೇ ಎಣಿಸಿ ರೂಢಿಯಾಗಿದ್ದ ಬ್ಯಾಂಕ್ ಪರಂಪರೆಯೊಂದು ಹೊಸ ವಸ್ತುವಿಗೆ ತನ್ನ ಲೆಡ್ಜರ್ ತೆರೆದದ್ದರಿಂದಲೂ ಹೌದು.

ಇದು ದೊಡ್ಡ ಮಾತು, ಹಾಗಾಗಿ ಅದರ ಮಿತಿಗಳನ್ನು ಇಲ್ಲೇ ಹೇಳಬೇಕು. ಮೊದಲನೆಯದಾಗಿ, ಸಾಮ್ಯವಿದ್ದ ಮಾತ್ರಕ್ಕೆ ವಂಶ ಸಂಬಂಧ ಸಿದ್ಧವಾಗುವುದಿಲ್ಲ. ಪಿಗ್ಮಿ ಉಳಿತಾಯ, ಸೌರದೀಪದ್ದು ಸಾಲ. ಒಂದರಲ್ಲಿ ಬಡವನ ಹಣ ಬ್ಯಾಂಕಿಗೆ ಹೋಗುತ್ತದೆ, ಇನ್ನೊಂದರಲ್ಲಿ ಬ್ಯಾಂಕಿನ ಹಣ ಬಡವನ ಮನೆಗೆ ಬರುತ್ತದೆ. ಪಿಗ್ಮಿಯಲ್ಲಿ ಒಟ್ಟಾದ ಹಣ ಅದೇ ಕೇರಿಗೆ ಸಾಲವಾಗಿ ಮರಳುತ್ತಿತ್ತು ಎಂದು ಹೇಳಲು ನನ್ನಲ್ಲಿ ಆಧಾರವಿಲ್ಲ. ಎರಡಕ್ಕೂ ಸಮಾನವಾದದ್ದು ಇಷ್ಟು: ಮನೆಯ ಆದಾಯ ಬರುವ ಲಯಕ್ಕೆ ಬ್ಯಾಂಕಿನ ಲೆಕ್ಕ ಹೊಂದಿಕೊಳ್ಳಬೇಕೆಂಬ ತಿಳಿವಳಿಕೆ. ಆ ತಿಳಿವಳಿಕೆ ಒಬ್ಬ ಶಾಖಾ ವ್ಯವಸ್ಥಾಪಕನಿಂದ ಇನ್ನೊಬ್ಬನಿಗೆ ದಾಟಿತು ಎಂಬುದು ಸಂಭವನೀಯ, ಸಿದ್ಧವಾದ ಸಂಗತಿಯಲ್ಲ.

ಎರಡನೆಯ ಆಕ್ಷೇಪ ಇನ್ನೂ ಗಟ್ಟಿಯಾದದ್ದು. 2003ರ ಯೋಜನೆಯಲ್ಲಿ ಬಡ್ಡಿಗೆ ಸಹಾಯಧನವಿತ್ತು. ಅಗ್ಗದ ಬಡ್ಡಿ ಕೊಟ್ಟರೆ ಯಾವ ಬ್ಯಾಂಕೂ ಸಾಲ ಕೊಡುತ್ತದೆ, ಇದರಲ್ಲಿ ಪರಂಪರೆಯ ಪಾತ್ರವೇನು ಎಂದು ಕೇಳಬಹುದು. ಉತ್ತರ ಭಾಗಶಃ ಕಾಲಕ್ರಮದಲ್ಲಿದೆ: ಮಲಪ್ರಭಾ ಬ್ಯಾಂಕ್ ಸೌರಸಾಲ ಕೊಡತೊಡಗಿದ್ದು ಸಹಾಯಧನ ಬರುವ ಮೊದಲೇ. ಭಾಗಶಃ ಯೋಜನೆಯ ರಚನೆಯಲ್ಲಿದೆ: ಸಹಾಯಧನವನ್ನು ಹಂತಹಂತವಾಗಿ ಇಳಿಸಲಾಯಿತು. ಯೋಜನೆಯಿಂದ ಸುಮಾರು ಒಂದು ಲಕ್ಷ ಜನರಿಗೆ ಬೆಳಕು ಸಿಕ್ಕಿತೆಂದು ವಿಶ್ವಸಂಸ್ಥೆಯ ಕಾರ್ಯಕ್ರಮವೇ ಹೇಳಿಕೊಂಡಿದೆ. ಆ ಸಂಖ್ಯೆಗೆ ನಾನು ಹೆಚ್ಚು ತೂಕ ಕೊಡುವುದಿಲ್ಲ. ಸಹಾಯಧನ ಇಲ್ಲದಿದ್ದರೆ ಎಷ್ಟು ನಿಧಾನವಾಗುತ್ತಿತ್ತು ಎಂಬುದನ್ನು ಆ ಸಂಖ್ಯೆ ಹೇಳುವುದಿಲ್ಲವಲ್ಲ.

ಬ್ಯಾಂಕ್ ಅಧಿಕಾರಿಯ ಸಂಕೋಚ ಎಂದೆ. ಅದು ಏನೆಂದು ಸ್ವಲ್ಪ ಹತ್ತಿರದಿಂದ ನೋಡಬೇಕು. ಹಸುವಿಗೆ ಸಾಲ ಕೊಟ್ಟರೆ ಹಾಲು ಬರುತ್ತದೆ, ಪಂಪ್‌ಸೆಟ್ಟಿಗೆ ಕೊಟ್ಟರೆ ಬೆಳೆ ಬರುತ್ತದೆ. ದೀಪದಿಂದ ಏನು ಬರುತ್ತದೆ? ಸಾಲದ ಅರ್ಜಿಯಲ್ಲಿ ಅದು ಉತ್ಪಾದಕ ವಸ್ತುವೆಂದು ತೋರುವುದೇ ಕಷ್ಟ. ಜೊತೆಗೆ ಬ್ಯಾಟರಿ. ಅದಕ್ಕೆ ಕಾಲಕಾಲಕ್ಕೆ ಡಿಸ್ಟಿಲ್ಡ್ ನೀರು ಹಾಕಬೇಕು. ಹಾಕದೆ ಕೆಟ್ಟರೆ ಮನೆಯವರು ಉರಿಯದ ದೀಪಕ್ಕೆ ಯಾಕೆ ಕಂತು ಕಟ್ಟಬೇಕು ಎನ್ನುತ್ತಾರೆ, ಅವರು ಹೇಳುವುದರಲ್ಲಿ ತಪ್ಪೂ ಇಲ್ಲ. ಜಪ್ತಿ ಮಾಡಿ ತಂದ ಹಳೆಯ ಫಲಕವನ್ನು ಶಾಖೆ ಯಾರಿಗೆ ಮಾರೀತು? ಸೆಲ್ಕೋ ಮಾಡಿದ ನಿಜವಾದ ಕೆಲಸ ಈ ಸಂಕೋಚಗಳನ್ನು ಒಂದೊಂದಾಗಿ ಬಿಡಿಸಿದ್ದು. ಊರಿನ ಸಮೀಪವೇ ಸೇವಾ ಕೇಂದ್ರ ತೆರೆದು ರಿಪೇರಿಯ ಹೊಣೆ ಹೊತ್ತದ್ದರಿಂದ ಕಂತು ನಿಲ್ಲುವ ಒಂದು ಕಾರಣ ಕಡಿಮೆಯಾಯಿತು. ಸಾಲಗಾರರೇ ಮೊದಲು ಕಟ್ಟಬೇಕಾದ, ಸಾಮಾನ್ಯವಾಗಿ ಶೇ. 15ರಷ್ಟಿದ್ದ ಮಾರ್ಜಿನ್ ಹಣವನ್ನೂ ಹೊಂದಿಸಲಾಗದ ಮನೆಗಳಿಗೆ ದಾನಿಗಳಿಂದ ಆ ಪಾಲನ್ನು ತುಂಬಿಸುವ ಏರ್ಪಾಡೂ ಆಯಿತು. ಉದ್ಯಮದ ಜಾಣ್ಮೆಯನ್ನು ನಾನು ಅಲ್ಲಗಳೆಯುತ್ತಿಲ್ಲ. ಆ ಜಾಣ್ಮೆ ಗುರಿಯಿಟ್ಟದ್ದು ಗ್ರಾಹಕಳ ಮೇಲೆ ಎಷ್ಟೋ ಅಷ್ಟೇ ಸಾಲ ಅಧಿಕಾರಿಯ ಮೇಲೂ ಎಂಬುದು ನನ್ನ ಮಾತು.

ಮೂರನೆಯ ಮಿತಿ ಭೂಗೋಳದ್ದು. ಕೆನರಾ, ಕಾರ್ಪೊರೇಷನ್, ಕರ್ನಾಟಕ, ಸಿಂಡಿಕೇಟ್, ವಿಜಯ ಎಂಬ ಐದು ಬ್ಯಾಂಕುಗಳು ಅಂದಿನ ಒಂದೇ ಜಿಲ್ಲೆಯಲ್ಲಿ ಸುಮಾರು ಕಾಲು ಶತಮಾನದೊಳಗೆ ಹುಟ್ಟಿದ ಉದಾಹರಣೆ ಭಾರತದಲ್ಲಿ ಅಪರೂಪ. ಹಾಗಿದ್ದರೆ ಇದು ದಕ್ಷಿಣ ಕನ್ನಡದ ವಿಶೇಷವೇ, ಬೇರೆಡೆಗೆ ಅನ್ವಯಿಸುವುದೇ? ಮಲಪ್ರಭಾ ಬ್ಯಾಂಕಿನ ಉದಾಹರಣೆ ಇಲ್ಲಿ ಸ್ವಲ್ಪ ಧೈರ್ಯ ಕೊಡುತ್ತದೆ: ಧಾರವಾಡ, ಬೆಳಗಾವಿಯ ಬಯಲು ಕರಾವಳಿಯಲ್ಲ, ಆದರೂ ಪದ್ಧತಿ ಅಲ್ಲಿಗೆ ಹೋಯಿತು, ಸಂಸ್ಥೆಯ ಬೆನ್ನೇರಿ. ಆದರೆ ಸಿಂಡಿಕೇಟ್ ಪ್ರಾಯೋಜಿಸಿದ ದೇಶದ ಮೊದಲ ಗ್ರಾಮೀಣ ಬ್ಯಾಂಕ್ ಉತ್ತರ ಪ್ರದೇಶದ ಮೊರಾದಾಬಾದಿನಲ್ಲಿ 1975ರಲ್ಲೇ ಶುರುವಾಗಿತ್ತು. ಅಲ್ಲಿಯೂ ಸೌರಸಾಲ ಹೀಗೆಯೇ ಬೇರೂರಿತ್ತೇ ಎಂದು ನೋಡದೆ ಸಂಸ್ಥೆಯೇ ವಾಹಕ ಎಂದು ತೀರ್ಮಾನಿಸುವುದು ಅವಸರವಾದೀತು.

ಇಷ್ಟೆಲ್ಲ ಕಳೆದ ಮೇಲೂ ಉಳಿಯುವುದು ಗಣನೀಯವೆಂದೇ ನನ್ನ ಎಣಿಕೆ. 2015ರ ಏಪ್ರಿಲ್‌ನಲ್ಲಿ ರಿಸರ್ವ್ ಬ್ಯಾಂಕ್ ಆದ್ಯತಾ ವಲಯದ ಸಾಲಗಳ ಪಟ್ಟಿಗೆ ನವೀಕರಿಸಬಹುದಾದ ಇಂಧನವನ್ನು ಪ್ರತ್ಯೇಕ ವರ್ಗವಾಗಿ ಸೇರಿಸಿತು. ಮನೆಗಳಿಗೆ ಮಿತಿ 10 ಲಕ್ಷ ರೂಪಾಯಿ. ಕರ್ನಾಟಕದ ಅನುಭವವೇ ಇದಕ್ಕೆ ಕಾರಣ ಎಂದು ನಾನು ಹೇಳಲಾರೆ. ಸೌರ ವಿದ್ಯುತ್ತಿನ ರಾಷ್ಟ್ರೀಯ ಗುರಿಗಳ ಒತ್ತಡ ಆಗ ಜೋರಾಗಿಯೇ ಇತ್ತು. ಆದರೆ ಸಾಲದ ಅಭ್ಯಾಸವೊಂದು ನಿಯಮದ ರೂಪ ಪಡೆದ ಮೇಲೆ ಅದು ಯಾವುದೇ ಒಂದು ಕಂಪನಿಯ ಉಳಿವನ್ನು ಅವಲಂಬಿಸುವುದಿಲ್ಲ. ನಾಳೆ ಆ ಕಂಪನಿ ಮುಚ್ಚಿದರೂ ಶಾಖೆಯಲ್ಲಿ ಅರ್ಜಿ ನಮೂನೆ ಇರುತ್ತದೆ. ಮುಖ್ಯವಾಹಿನಿ ಎಂಬುದಕ್ಕೆ ಷೇರಿನ ಬೆಲೆಗಿಂತ ಇದು ಹೆಚ್ಚು ನಂಬಬಹುದಾದ ಲಕ್ಷಣ.

ಈ ಹಿನ್ನೆಲೆಯಲ್ಲಿ ಸಾಮಾಜಿಕ ಷೇರು ವಿನಿಮಯ ಕೇಂದ್ರವನ್ನು ಗಮನಿಸಬೇಕು. 2019ರ ಬಜೆಟ್ಟಿನಲ್ಲಿ ಅದರ ಘೋಷಣೆಯಾಯಿತು, 2022ರಲ್ಲಿ ಷೇರು ಪೇಟೆಯ ನಿಯಂತ್ರಕ ಸೆಬಿ ನಿಯಮ ರೂಪಿಸಿತು, 2023ರ ಡಿಸೆಂಬರಿನಲ್ಲಿ ಅದರಲ್ಲಿ ಮೊದಲು ಪಟ್ಟಿಯಾದದ್ದು ಬೆಂಗಳೂರಿನ ಉನ್ನತಿ ಪ್ರತಿಷ್ಠಾನ. ಅದು ಹೊರಡಿಸಿದ ಪತ್ರಕ್ಕೆ ಬಡ್ಡಿಯೂ ಇಲ್ಲ, ಅಸಲೂ ಮರಳುವುದಿಲ್ಲ. ಇದು ಪೇಟೆಯ ಉಡುಪು ತೊಟ್ಟ ದಾನ. ಪಾರದರ್ಶಕತೆಯ ದೃಷ್ಟಿಯಿಂದ ಲಾಭವಿದೆ, ಅದನ್ನು ಅಲ್ಲಗಳೆಯಬೇಕಿಲ್ಲ. ಕನಿಷ್ಠ ಅರ್ಜಿಯ ಮೊತ್ತವನ್ನು 2023ರಲ್ಲಿ 2 ಲಕ್ಷದಿಂದ 10,000 ರೂಪಾಯಿಗೆ ಇಳಿಸಿದ್ದೂ ಒಳ್ಳೆಯದೇ. ಆದರೆ ಕೊಡುವವರ ಬಾಗಿಲನ್ನು ಅಗಲಿಸುವ ಸುಧಾರಣೆಯಿದು. ಸಾಲದ ಅರ್ಜಿ ಓದುವವನ ಅಭ್ಯಾಸ ಇದರಿಂದ ಬದಲಾಗುವುದಿಲ್ಲ.

ನನ್ನ ವಾದಕ್ಕೆ ಅತ್ಯಂತ ಇರುಸುಮುರುಸಿನ ಪ್ರಶ್ನೆ ಇನ್ನೂ ಉಳಿದಿದೆ. ದಿನದ ಹಣವನ್ನು ತಿಂಗಳ ಕಂತಾಗಿ ಮಾರ್ಪಡಿಸಲು ನಡುವೆ ಒಬ್ಬ ಮನುಷ್ಯ ಬೇಕು. ಪಿಗ್ಮಿಯಲ್ಲಿ ಅವನು ಕಮಿಷನ್ ಏಜೆಂಟ್. ಈ ಸಂಗ್ರಾಹಕರು ಕಾನೂನಿನ ಅರ್ಥದಲ್ಲಿ ಕಾರ್ಮಿಕರೇ ಹೌದು, ಆದರೆ ಬ್ಯಾಂಕಿನ ಕಾಯಂ ನೌಕರರ ಸಾಲಿಗೆ ಸೇರುವವರಲ್ಲ ಎಂಬ ತೀರ್ಪು ಸುಪ್ರೀಂ ಕೋರ್ಟಿನಿಂದ ಬಂದದ್ದು 2001ರಲ್ಲಿ, ಪಿಗ್ಮಿ ಶುರುವಾದ ಎಪ್ಪತ್ತಮೂರು ವರ್ಷಗಳ ಮೇಲೆ. ಬೀದಿ ವ್ಯಾಪಾರಿಗಳ ಸೌರದೀಪದಲ್ಲಿ ಆ ಜಾಗದಲ್ಲಿರುವವನು, ಬ್ಯಾಂಕ್ ಸಾಲದಿಂದ ಫಲಕ ಹಾಕಿಸಿಕೊಂಡು, ಹಗಲು ಬ್ಯಾಟರಿ ಚಾರ್ಜ್ ಮಾಡಿ, ಸಂಜೆ ಗಾಡಿಗಾಡಿಗೆ ತಲುಪಿಸಿ ದಿನದ ಬಾಡಿಗೆ ಎತ್ತುವ ಸಣ್ಣ ಉದ್ಯಮಿ. ಮಳೆಗಾಲದಲ್ಲಿ ಬ್ಯಾಟರಿ ತುಂಬದ ದಿನದ ನಷ್ಟ ಯಾರದ್ದು, ವ್ಯಾಪಾರಿ ಊರು ಬಿಟ್ಟರೆ ಈ ಉದ್ಯಮಿಯ ಕಂತು ಯಾರು ಕಟ್ಟುತ್ತಾರೆ? ಬಡವರ ಸಾಲ ಬ್ಯಾಂಕಿಗೆ ಕೈಗೆಟಕುವಂತಾದದ್ದು ಈ ನಡುವಿನವನ ಅಗ್ಗದ ದುಡಿಮೆಯಿಂದಲೋ ಎಂಬ ಅನುಮಾನವನ್ನು ಸುಮ್ಮನೆ ತಳ್ಳಿಹಾಕುವಂತಿಲ್ಲ. ಹಾಗೇನಾದರೂ ಇದ್ದರೆ ಮೇಲಿನ ಪ್ರಮೇಯವನ್ನು ತಿದ್ದಬೇಕಾಗುತ್ತದೆ. ಅದಕ್ಕೆ ಬೇಕಾದದ್ದು ಎರಡು ಬಗೆಯ ದಾಖಲೆ: ಗ್ರಾಮೀಣ ಬ್ಯಾಂಕುಗಳ ಶಾಖಾವಾರು ಸೌರಸಾಲದ ಮರುಪಾವತಿ ಲೆಕ್ಕ ಮತ್ತು ಪಿಗ್ಮಿ ಸಂಗ್ರಾಹಕರ ಹಳೆಯ ಕಮಿಷನ್ ವಹಿಗಳು. ಬ್ಯಾಂಕುಗಳ ವಿಲೀನದಲ್ಲಿ ಹಳೆಯ ಕಾಗದಪತ್ರಗಳು ಚದುರುವುದು ಸಾಮಾನ್ಯವಾದ್ದರಿಂದ ಎರಡನೆಯದನ್ನು ಮೊದಲು ಹುಡುಕುವುದು ಲೇಸು.