ಹೋವಿಟ್ಜರ್ ಎಂಬ ಪದದ ತವರೂರು

1999ರ ಕಾರ್ಗಿಲ್ ಯುದ್ಧ ಅಂದ ಕೂಡಲೇ ನೆನಪಾಗೋದು ಬೋಫೋರ್ಸ್. ಅದು ಹೋವಿಟ್ಜರ್ ಜಾತಿಯ ಫಿರಂಗಿ. ಗುಂಡನ್ನು ಎತ್ತರಕ್ಕೆ ಚಿಮ್ಮಿಸಿ ಗುಡ್ಡದಾಚೆಗೂ ಬೀಳಿಸಬಲ್ಲದು. ಹೆಸರು ಕೇಳಿದರೆ ಯಾವುದೋ ಜರ್ಮನ್ ಪದ ಅನ್ನಿಸುತ್ತೆ ಅಲ್ವಾ? ಆದರೆ ಅದು ಹುಟ್ಟಿದ್ದು ಚೆಕ್ ಭಾಷೆಯಲ್ಲಿ!

ಧರ್ಮಸುಧಾರಕ ಯಾನ್ ಹುಸ್‌ನನ್ನು 1415ರಲ್ಲಿ ಜೀವಂತ ಸುಟ್ಟರು. ಬೊಹೀಮಿಯ (ಅಂದರೆ ಇವತ್ತಿನ ಚೆಕ್ ನಾಡು) ರೊಚ್ಚಿಗೆದ್ದಿತು. ಅವರನ್ನು ಅಡಗಿಸಲು ಪೋಪ್ ಧರ್ಮಯುದ್ಧ ಸಾರಿದ. 1419ರಿಂದ 1434ರವರೆಗೆ ಕಾಳಗ ನಡೆಯಿತು. ಹುಸ್ ಅನುಯಾಯಿಗಳ ದಂಡಿನಲ್ಲಿ ರೈತರು ಬಹಳ. ಅವರ ಸೇನಾಪತಿ ಒಕ್ಕಣ್ಣಿನ ಯಾನ್ ಝಿಷ್ಕ. ಗಾಡಿಗಳನ್ನು ಸಾಲಾಗಿ ನಿಲ್ಲಿಸಿ, ಸರಪಳಿಯಿಂದ ಬಿಗಿದು, ಅದನ್ನೇ ಕೋಟೆ ಮಾಡಿಕೊಳ್ಳುತ್ತಿದ್ದರು. ನಡುವೆ ಗಿಡ್ಡ ನಳಿಗೆಯ ಫಿರಂಗಿಗಳು. ಗುಂಪಾಗಿ ನುಗ್ಗುವ ಶತ್ರುಗಳ ಮೇಲೆ ಅವುಗಳಿಂದ ಕಲ್ಲಿನ ಮಳೆ! ಚೆಕ್ ಭಾಷೆಯಲ್ಲಿ 'ಹೌಫ್' ಅಂದರೆ ಗುಂಪು. ಹಾಗಾಗಿ ಈ ಫಿರಂಗಿ 'ಹೌಫ್ನಿತ್ಸೆ' ಆಯಿತು. ಯಾರ ಮೇಲೆ ಹಾರಿಸುತ್ತಿದ್ದರೋ ಅವರಿಂದಲೇ ಅದಕ್ಕೆ ಹೆಸರು.

ಏಟು ತಿಂದ ಜರ್ಮನ್ನರು ಪದವನ್ನೂ ಕಲಿತರು, 'ಹೌಬಿಟ್ಸೆ' ಅಂದರು. ಅಲ್ಲಿಂದ ಡಚ್, ಇಂಗ್ಲಿಷ್... ಮಜಾ ಇರೋದು ಮುಂದೆ. ಬೇರೆ ಸ್ಲಾವಿಕ್ ಭಾಷೆಗಳು ಈ ಪದವನ್ನು ಪಕ್ಕದ ಮನೆಯ ಚೆಕ್‌ನಿಂದ ತಗೊಳ್ಳದೆ ಜರ್ಮನ್ ರೂಪವನ್ನೇ ತಂದುಕೊಂಡವು. ಪೋಲಿಷ್, ಸರ್ಬಿಯನ್ನಿನಲ್ಲಿ 'ಹೌಬಿತ್ಸ'. ರಷ್ಯನ್ನರಿಗೆ 'ಹ' ಕಾರ ಇಲ್ಲ. ಹ್ಯಾಂಬರ್ಗ್ ಅವರ ಬಾಯಲ್ಲಿ 'ಗಾಂಬುರ್ಗ್' ಆದ ಹಾಗೆ ಇದೂ 'ಗೌಬಿತ್ಸ' ಆಯಿತು. ಉಕ್ರೇನಿಯನ್ನರು ಅದೇ ಅಕ್ಷರವನ್ನು 'ಹ' ಅಂತ ಓದುತ್ತಾರೆ. 'ಫ' ಉಳಿದಿರೋದು ಚೆಕ್‌ನಲ್ಲಿ ಮತ್ತು ಸ್ಲೋವಾಕ್‌ನ 'ಹೂಫ್ನಿತ್ಸ'ದಲ್ಲಿ.

ಇನ್ನೊಂದು ತಮಾಷೆ. ಆ 'ಹೌಫ್' ಕೂಡ ಚೆಕ್ಕರ ಸ್ವಂತದ್ದಲ್ಲ, ಹಳೆಯ ಜರ್ಮನ್‌ನಿಂದ ಬಂದ ಸಾಲ! ನಾವು ಪ್ರೋಗ್ರಾಮರುಗಳು ಮೆಮೊರಿ ವಿಷಯಕ್ಕೆ ಬಳಸುವ 'ಹೀಪ್' ಕೂಡ ಅದೇ ವಂಶದ ಕುಡಿ.

2022ರಲ್ಲಿ ರಷ್ಯಾ ಉಕ್ರೇನಿನೊಳಕ್ಕೆ ನುಗ್ಗಿದಾಗ ಚೆಕ್ ದೇಶ ಉಕ್ರೇನಿಗೆ 'ಡಾನಾ' ಎಂಬ ಹೌಫ್ನಿತ್ಸೆಗಳನ್ನು ಕಳಿಸಿತು. ಎರಡೂ ಕಡೆಯವರ ಬಾಯಲ್ಲಿ ಆ ಫಿರಂಗಿಗೆ ಒಂದೇ ಪದ, ಮೊದಲ ಅಕ್ಷರದ ಉಚ್ಚಾರ ಮಾತ್ರ ಬೇರೆ. ಆರು ನೂರು ವರ್ಷದಲ್ಲಿ ಪದ ಊರೂರು ತಿರುಗಿ, ಹೊರಟ ಕಡೆಗೇ ಬಂದಿದೆ. ಅದರೊಳಗಿದ್ದ 'ಜನರ ಗುಂಪು' ಮಾತ್ರ ಈಗ ಯಾರ ಕಿವಿಗೂ ಬೀಳೋದಿಲ್ಲ. ಗುಂಡು ಬೀಳೋದು ಇವತ್ತಿಗೂ ಅವರ ಮೇಲೇ...