ಗೇರು ಮರ ಮತ್ತು ಸಿದ್ದಿಯರ ನೆಲ

ಖಾನಾಪುರ ತಾಲ್ಲೂಕಿನ ನಂದಗಡದಲ್ಲಿ ಸಂಗೊಳ್ಳಿ ರಾಯಣ್ಣನ ಸಮಾಧಿಯ ಬಳಿ ಆಲದ ಮರವೊಂದಿದೆ. 1831ರ ಜನವರಿ 26ರಂದು ಬ್ರಿಟಿಷರು ರಾಯಣ್ಣನನ್ನು ಗಲ್ಲಿಗೇರಿಸಿದ ಮೇಲೆ ಆತನ ಸಂಗಡಿಗನೊಬ್ಬ ಅದನ್ನು ನೆಟ್ಟನೆಂಬುದು ಜನರ ನಂಬಿಕೆ. ರಾಯಣ್ಣನ ದಂಡಿನಲ್ಲಿ ಸಿದ್ದಿ ಜನಾಂಗದ ಗಜವೀರನೂ ಇದ್ದನೆಂದು ಈ ಭಾಗದವರು ನೆನೆಯುತ್ತಾರೆ. ಆದರೆ ಆ ಸಿದ್ದಿಯರಿಗೆ ತಮ್ಮದೆನ್ನುವ ಮರ ನೆಡಲು ನೆಲ ಸುಲಭವಾಗಿ ದಕ್ಕಲಿಲ್ಲ.

ಸಿದ್ದಿಯರ ಪೂರ್ವಜರು ಆಫ್ರಿಕದವರು. ಪೋರ್ಚುಗೀಸರು ಗುಲಾಮರನ್ನಾಗಿ ಗೋವೆಗೆ ತಂದವರಲ್ಲಿ ಹಲವರು ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದರು. ಹಳಿಯಾಳ, ಯಲ್ಲಾಪುರ, ಕಲಘಟಗಿ, ಖಾನಾಪುರ ತಾಲ್ಲೂಕುಗಳಲ್ಲಿ ಅವರ ವಸತಿಗಳಿವೆ. ಗೇರು ಮರವೂ ಹೊರಗಿನಿಂದ ಬಂದದ್ದೇ. 16ನೇ ಶತಮಾನದಲ್ಲಿ ಪೋರ್ಚುಗೀಸರೇ ಅದನ್ನು ಬ್ರೆಜಿಲ್‌ನಿಂದ ಪಶ್ಚಿಮ ಕರಾವಳಿಗೆ ತಂದರು. ಮರ ಬೇಗನೆ ಇಲ್ಲಿಯದಾಯಿತು. ಮನುಷ್ಯರಿಗೆ ಆ ಮಾನ್ಯತೆ ತಡವಾಗಿ ದೊರೆಯಿತು.

ಬಡ ಕುಟುಂಬಕ್ಕೆ ತೋಟ ಆಸರೆಯಾಗಬಲ್ಲದೆಂಬುದಕ್ಕೆ ಗುಜರಾತಿನ ವಾಂಸದಾ ಪ್ರದೇಶದ ಉದಾಹರಣೆಯಿದೆ. ಮಣಿಭಾಯಿ ದೇಸಾಯಿ ಸ್ಥಾಪಿಸಿದ ಬೈಫ್ ಸಂಸ್ಥೆ 1982ರಲ್ಲಿ ಅಲ್ಲಿನ ಆದಿವಾಸಿಗಳೊಡನೆ ‘ವಾಡಿ’ ಪದ್ಧತಿಯನ್ನು ಆರಂಭಿಸಿತು. ವಾಡಿ ಎಂದರೆ ಸಣ್ಣ ತೋಟ. ಸುಮಾರು ಒಂದೆಕರೆಯಲ್ಲಿ ಮಾವು, ಗೇರು. ಬದುವಿನ ಮೇಲೆ ಸೌದೆ, ಮೇವು ಕೊಡುವ ಮರಗಳು. ಸಾಲುಗಳ ನಡುವೆ ಧಾನ್ಯ, ತರಕಾರಿ. ಕಸಿ ಗಿಡ ಫಲ ಕೊಡಲು ಮೂರು-ನಾಲ್ಕು ವರ್ಷ ಬೇಕು. ಅಲ್ಲಿಯವರೆಗೆ ಒಲೆ ಉರಿಸುವುದು ನಡುವಿನ ಬೆಳೆಯೇ. 2003-04ರಲ್ಲಿ ನಬಾರ್ಡ್ ಆದಿವಾಸಿ ಅಭಿವೃದ್ಧಿ ನಿಧಿ ಸ್ಥಾಪಿಸಿ ಈ ಪದ್ಧತಿಯನ್ನು ಬೇರೆ ರಾಜ್ಯಗಳಿಗೂ ವಿಸ್ತರಿಸಿತು.

ಆದರೆ ನಾಳೆ ಬಿಟ್ಟು ಹೋಗಬೇಕಾದೀತೆಂಬ ನೆಲದಲ್ಲಿ ಯಾರೂ ಕಸಿ ಗಿಡ ನೆಡುವುದಿಲ್ಲ. ಉತ್ತರ ಕನ್ನಡದ ಸಿದ್ದಿಯರು 2003ರಲ್ಲಿ ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದರು. ಜಿಲ್ಲೆಯ ಗಡಿಯಾಚೆ, ಖಾನಾಪುರದ ಸಿದ್ದಿಯರು ಹೊರಗುಳಿದರು. 2006ರ ಅರಣ್ಯ ಹಕ್ಕು ಕಾಯ್ದೆಯ ಪ್ರಕಾರ ಪರಿಶಿಷ್ಟ ಪಂಗಡದವರು 2005ರ ಡಿಸೆಂಬರ್ 13ಕ್ಕೆ ಮುಂಚಿನ ಸ್ವಾಧೀನ ತೋರಿಸಿದರೆ ಸಾಕು. ಇತರರು ಮೂರು ತಲೆಮಾರಿನ, ಅಂದರೆ 75 ವರ್ಷಗಳ ವಾಸಕ್ಕೆ ಪುರಾವೆ ಕೊಡಬೇಕು. ಕಾಗದಪತ್ರಗಳಿಲ್ಲದೆ ಕಾಡಿನಲ್ಲಿ ಬದುಕಿದವರಿಗೆ ಇದು ದೊಡ್ಡ ತೊಡಕು. 2020ರ ತಿದ್ದುಪಡಿ ಬೆಳಗಾವಿ ಮತ್ತು ಧಾರವಾಡ ಜಿಲ್ಲೆಗಳ ಸಿದ್ದಿಯರನ್ನೂ ಪಟ್ಟಿಗೆ ಸೇರಿಸಿತು.

ಗೇರಿಗೆ ಫಲವತ್ತಾದ ಭೂಮಿ ಬೇಕಿಲ್ಲ, ಜಂಬಿಟ್ಟಿಗೆ ನೆಲವೂ ಆದೀತು. ಒಮ್ಮೆ ಬೇರೂರಿದರೆ ದಶಕಗಳ ಕಾಲ ಬೀಜ ಕೊಡುತ್ತದೆ. ಅದನ್ನು ನೆಡುವವರಿಗೆ ಬೇಕಾದದ್ದು, ಆ ಬೀಜ ಆರಿಸುವ ಕಾಲಕ್ಕೂ ನೆಲ ತಮ್ಮದಾಗಿಯೇ ಇರುತ್ತದೆಂಬ ಭರವಸೆ.