ಬಿಲ್ಲೆಗಳಿಂದ ಮೂಡಿದ ಇಡೀ ರೂಪ

ಬಂಧುಗಳನ್ನು ಸ್ಕ್ಯಾನ್ ಮಾಡಿಸಲು ಕರೆದೊಯ್ದಾಗ, ಫಿಲ್ಮಿನ ಮೇಲಿನ ಹತ್ತಾರು ಕಪ್ಪು-ಬಿಳುಪು ಚೌಕಗಳನ್ನು ಬೆಳಕಿಗೆ ಹಿಡಿದು, ಏನೂ ತಿಳಿಯದೆ ನಾವು ಪೆಚ್ಚಾಗುವುದುಂಟು. ವೈದ್ಯರು ಕಂಪ್ಯೂಟರಿನ ಪರದೆಯ ಮೇಲೆ ಇಡೀ ತಲೆಬುರುಡೆಯನ್ನೇ ತಿರುಗಿಸಿ ತೋರಿಸಿದರೆ ಮಾತ್ರ ಸಂಗತಿ ನಮಗೂ ಅರ್ಥವಾಗುತ್ತದೆ. ಈ ಚಿತ್ರದ ಹಿಂದೆ ಸ್ವಾರಸ್ಯವಾದ ಇತಿಹಾಸವಿದೆ.

1971ರ ಅಕ್ಟೋಬರ್ 1ರಂದು ಲಂಡನ್ನಿನ ಅಟ್ಕಿನ್ಸನ್ ಮಾರ್ಲಿ ಆಸ್ಪತ್ರೆಯಲ್ಲಿ ಗಾಡ್‌ಫ್ರೆ ಹೌನ್ಸ್‌ಫೀಲ್ಡರ ಸಿ.ಟಿ. ಯಂತ್ರವು ಮೊದಲ ರೋಗಿಯ ಮಿದುಳನ್ನು ಚಿತ್ರಿಸಿತು. ಆದರೆ ಅದು ಕೊಟ್ಟದ್ದು ಸೌತೆಕಾಯಿಯನ್ನು ಬಿಲ್ಲೆಬಿಲ್ಲೆಯಾಗಿ ಹೆಚ್ಚಿದಂಥ ನೋಟಗಳನ್ನು. ಅವನ್ನು ಮನಸ್ಸಿನಲ್ಲೇ ಜೋಡಿಸಿಕೊಳ್ಳುವ ಕಷ್ಟ ವೈದ್ಯರದಾಯಿತು.

ಇದಕ್ಕೊಂದು ಸುಲಭೋಪಾಯ ಕಂಡವರು ಅಮೆರಿಕದ ಜನರಲ್ ಎಲೆಕ್ಟ್ರಿಕ್ ಸಂಸ್ಥೆಯ ವಿಲಿಯಂ ಲೊರೆನ್ಸನ್ ಮತ್ತು ಹಾರ್ವೆ ಕ್ಲೈನ್. 1987ರಲ್ಲಿ ಅವರು ಪ್ರಕಟಿಸಿದ ವಿಧಾನದ ಹೆಸರು ‘ಮಾರ್ಚಿಂಗ್ ಕ್ಯೂಬ್ಸ್’. ಅಕ್ಕಪಕ್ಕದ ಎರಡು ಬಿಲ್ಲೆಗಳ ನಡುವೆ ಪುಟ್ಟ ಘನಗಳನ್ನು ಕಲ್ಪಿಸಿಕೊಂಡು, ಪ್ರತಿಯೊಂದರ ಎಂಟು ಮೂಲೆಗಳಲ್ಲೂ ಒಂದೇ ಪ್ರಶ್ನೆ ಕೇಳುವುದು: ಇಲ್ಲಿನ ಸಾಂದ್ರತೆ ಮೂಳೆಯಷ್ಟಿದೆಯೋ, ಇಲ್ಲವೋ? ಉತ್ತರಗಳು 256 ಬಗೆ. ಒಂದನ್ನೊಂದು ಹೋಲುವವನ್ನು ಕೂಡಿಸಿದರೆ ಉಳಿಯುವ ಮಾದರಿಗಳು 15. ಆಯಾ ಮಾದರಿಗೆ ತಕ್ಕ ತ್ರಿಕೋನಗಳನ್ನು ಹೊಂದಿಸುತ್ತ ಕಂಪ್ಯೂಟರ್ ಘನದಿಂದ ಘನಕ್ಕೆ ಸಾಗಿದಂತೆ ಮೂಳೆಯ ಮೇಲ್ಮೈ ಮೂಡುತ್ತದೆ.

ಒಂದು ಮಾತನ್ನು ಮರೆಯಬಾರದು. ಎಷ್ಟು ಸಾಂದ್ರತೆಗೆ ಮೂಳೆಯೆನ್ನಬೇಕೆಂದು ಗೊತ್ತುಮಾಡುವವರು ಮನುಷ್ಯರೇ. ಆ ಅಳತೆ ಹೆಚ್ಚಾದರೆ, ಮೂಳೆ ತೆಳುವಾಗಿರುವಲ್ಲಿ ಇಲ್ಲದ ತೂತು ಕಾಣಬಹುದು. ಆದ್ದರಿಂದ ಅಂದವಾದ ಚಿತ್ರ ಕಂಡು ಹಿಗ್ಗುವ ಅಥವಾ ಗಾಬರಿಗೊಳ್ಳುವ ಮೊದಲು, ಮೂಲ ಬಿಲ್ಲೆಗಳನ್ನು ನೋಡಿದ ವೈದ್ಯರ ಮಾತಿಗೆ ಕಿವಿಗೊಡೋಣ.